ಗರಗಸವು ಗೆರೆ ತಪ್ಪುವುದೇಕೆ?

ಹಲಗೆಯ ಮೇಲೆ ಎಳೆದ ಗೆರೆಯಲ್ಲಿಯೇ ಕೊಯ್ಯಲು ಆರಂಭಿಸಿದರೂ ನಾಲ್ಕಾರು ಅಂಗುಲ ಸಾಗುವಷ್ಟರಲ್ಲಿ ಗರಗಸವು ಒಂದು ಪಕ್ಕಕ್ಕೆ ವಾಲತೊಡಗುವುದುಂಟು. ಬಾಗಿಲ ಚೌಕಟ್ಟಿಗೆಂದು ತಂದ ತೇಗದ ತುಂಡೊಂದು ಹೀಗೆ ಹಾಳಾದರೆ ಬಡಗಿಯ ದಿನದ ಕೂಲಿಯೇ ಕೈತಪ್ಪಬಹುದು. ಕೆಲಸ ಕಲಿಯುವವನ ಕೈಯನ್ನು ದೂರುವುದು ಸುಲಭ; ಆದರೆ ಅನೇಕ ವೇಳೆ ದೋಷವಿರುವುದು ಗರಗಸದ ಹಲ್ಲುಗಳಲ್ಲಿ.

ಕೈಗರಗಸದ ಹಲ್ಲುಗಳನ್ನು ಒಂದು ಎಡಕ್ಕೆ, ಮುಂದಿನದು ಬಲಕ್ಕೆ ಎಂಬಂತೆ ತುಸು ಬಾಗಿಸಿರಲಾಗುತ್ತದೆ. ಇದರಿಂದ ಕೊಯ್ದ ಸೀಳು ಅಲಗಿನ ದಪ್ಪಕ್ಕಿಂತ ಅಗಲವಾಗಿ, ಅಲಗು ಸಿಕ್ಕಿಕೊಳ್ಳದೆ ಚಲಿಸುತ್ತದೆ. ಒಂದು ಪಕ್ಕದ ಹಲ್ಲುಗಳು ಹೆಚ್ಚು ಬಾಗಿದ್ದರೆ ಅಥವಾ ಹೆಚ್ಚು ಹರಿತವಾಗಿದ್ದರೆ ಆ ಪಕ್ಕದಲ್ಲಿ ಮರವು ಬೇಗ ಕತ್ತರಿಸಲ್ಪಟ್ಟು, ಅಲಗು ಅತ್ತಲೇ ಸರಿಯುತ್ತದೆ.

ಈ ಅಸಮತೆಯು ಬಹುಮಟ್ಟಿಗೆ ಹರಿತಗೊಳಿಸುವಾಗಲೇ ಉಂಟಾಗುತ್ತದೆ. ಅವಸರದಲ್ಲಿ ಎಲ್ಲ ಹಲ್ಲುಗಳನ್ನೂ ಒಂದೇ ಪಕ್ಕದಿಂದ ಅರದಿಂದ ಉಜ್ಜಿದರೆ, ಲೋಹದ ಸೂಕ್ಷ್ಮ ಏಣೊಂದು ಎದುರು ಪಕ್ಕದಲ್ಲಿ ಉಳಿದುಬಿಡುತ್ತದೆ. ಒಂದು ಬಿಟ್ಟು ಒಂದು ಸಂದನ್ನು ಈ ಪಕ್ಕದಿಂದ ಉಜ್ಜಿ, ಗರಗಸವನ್ನು ತಿರುಗಿಸಿ ಉಳಿದವನ್ನು ಆ ಪಕ್ಕದಿಂದ ಉಜ್ಜುವುದೇ ಸರಿಯಾದ ಕ್ರಮ. ಹಳೆಯ ಮರದಲ್ಲಿ ಹುದುಗಿದ ಮೊಳೆ ತಗುಲಿ ಒಂದು ಪಕ್ಕದ ಹಲ್ಲುಗಳು ಮೊಂಡಾಗುವುದೂ ಉಂಟು.

ದೋಷವು ಕೈಯದೋ ಗರಗಸದ್ದೋ ಎಂಬುದನ್ನು ಮೊದಲು ನಿರ್ಧರಿಸಬೇಕು. ನೇರ ಎಳೆಯುಳ್ಳ ಒಣ ಮರದಲ್ಲಿ, ಹಿಡಿಯನ್ನು ಬಿಗಿಯಾಗಿ ಹಿಡಿಯದೆ ಮೂರು ಬಾರಿ ಕೊಯ್ದು ನೋಡಬೇಕು. ಪ್ರತಿ ಸಲವೂ ಒಂದೇ ಪಕ್ಕಕ್ಕೆ ವಾಲಿದರೆ ದೋಷವು ಬಹುಶಃ ಗರಗಸದ್ದು. ಒಮ್ಮೆ ಅತ್ತ, ಒಮ್ಮೆ ಇತ್ತ ಹೋದರೆ ಕೈಯದು. ಮಣಿಕಟ್ಟು, ಮೊಣಕೈ ಮತ್ತು ಭುಜಗಳು ಅಲಗಿನ ನೇರಕ್ಕೆ ಬರುವಂತೆ ನಿಂತರೆ ಕೈಯ ದೋಷವು ಬಹಳಷ್ಟು ಕಡಿಮೆಯಾಗುತ್ತದೆ.

ಗರಗಸದ್ದೇ ದೋಷವಾಗಿದ್ದಲ್ಲಿ, ವಾಲುವ ಪಕ್ಕವು ಮೇಲೆ ಬರುವಂತೆ ಅದನ್ನು ಸಮತಟ್ಟಾದ ಹಲಗೆಯ ಮೇಲೆ ಮಲಗಿಸಬೇಕು. ನುಣುಪಾದ ಸಾಣೆಕಲ್ಲನ್ನು ಅಲಗಿನ ಮೇಲೆ ಚಪ್ಪಟೆಯಾಗಿರಿಸಿ, ಹಲ್ಲುಗಳ ಉದ್ದಕ್ಕೂ ಹಗುರವಾಗಿ ಒಂದೇ ಒಂದು ಸಲ ಎಳೆಯಬೇಕು. ಆನಂತರ ಕೊಯ್ದು ನೋಡಿ, ಅಗತ್ಯವೆನಿಸಿದರೆ ಮಾತ್ರ ಇನ್ನೊಮ್ಮೆ ಎಳೆಯಬಹುದು. ಅತಿಯಾಗಿ ಉಜ್ಜಿದರೆ ಹಲ್ಲುಗಳ ಬಾಗು ಕಳೆದುಹೋಗಿ ಅಲಗು ಮರದಲ್ಲಿ ಸಿಕ್ಕಿಕೊಳ್ಳುತ್ತದೆ. ವ್ಯತ್ಯಾಸವು ಬರಿಗಣ್ಣಿಗೇ ಕಾಣುವಷ್ಟಿದ್ದರೆ ಹಲ್ಲುಗಳನ್ನು ಹೊಸದಾಗಿ ಬಾಗಿಸುವುದೇ ಲೇಸು. ಆಗ ಹಲ್ಲಿನ ಮೇಲಿನ ಅರ್ಧಭಾಗವನ್ನು ಮಾತ್ರ ಬಾಗಿಸಬೇಕು; ಒಂದೆಡೆ ಬಾಗಿದ ಹಲ್ಲನ್ನು ಎದುರು ಪಕ್ಕಕ್ಕೆ ಬಾಗಿಸಹೊರಟರೆ ಅದು ಮುರಿಯುವ ಸಂಭವವಿದೆ.

ಕೊಯ್ಯುವ ನಡುವೆಯೇ ಗೆರೆ ತಪ್ಪಿದಲ್ಲಿ ಅಲಗನ್ನು ತಿರುಚಿ ಸರಿಪಡಿಸುವ ಪ್ರಯತ್ನ ಸಲ್ಲದು. ಅದರಿಂದ ಅಲಗೇ ಸೊಟ್ಟಗಾಗಬಹುದು. ಗರಗಸವನ್ನು ಹಿಂದಕ್ಕೆ ತೆಗೆದು, ಗೆರೆ ತಪ್ಪಿದ ಸ್ಥಳದಿಂದ ಒತ್ತಡವಿಲ್ಲದೆ ಮತ್ತೆ ಮೆಲ್ಲಗೆ ಕೊಯ್ಯತೊಡಗಬೇಕು.