ಮಾಳಿಗೆಯ ಮೇಲೆ ಬೀಳುವುದು ಬಿಸಿಲೊಂದೇ

ಪ್ರಶ್ನೆ: ಅಕ್ಕೋರೆ, ಬೀದರಿನ ಗಾಂಧಿ ಗಂಜದಾಗ ನಮ್ಮದು ಅಡತ್ ಅಂಗಡಿ, ಮ್ಯಾಲೆ ಮನಿ. ಆಕಾಶದಾಗ ಸೋಲಾರ್ ಪ್ಲೇಟ್ ಕೂಡ್ಸಿ, ಅಲ್ಲಿಂದ ಕರೆಂಟ್ ಕಿರಣ ನೆಲಕ್ಕ ಬಿಡ್ತಾರ, ಬಿದ್ದಲ್ಲಿ ಬೆಳಿ ಸುಡ್ತದ, ಗರ್ಭ ಇಳೀತದ ಅಂತ ಮೊಬೈಲ್‌ನಾಗ ವಿಡಿಯೊ ಬಂದದ. ಸೊಸಿಗೆ ಈಗ ಐದು ತಿಂಗಳು. ಮಗ ಮಾಳಿಗಿ ಮ್ಯಾಲೆ ಸೋಲಾರ್ ಹಾಕ್ಸತೀನಿ ಅಂತಾನ. ಸೊಸೀನ್ನ ನಾ ಮ್ಯಾಲೆ ಹೋಗಗೊಡೂದಿಲ್ಲ. ಭಾಲ್ಕಿಗಿ, ತವರಿಗೆ ಕಳಸೂಣು ಅಂದ್ರ ಮಗ ಸಿಟ್ಟಾಗ್ಯಾನ. ನನಗ ನಿದ್ದಿ ಇಲ್ಲ. ಖರೇ ಏನು ಹೇಳ್ರಿ.
(ಹೆಸರು ಬೇಡ)

ಉತ್ತರ: ತಾಯಿ, ನಿಮ್ಮ ಮಗ ಹಾಕಿಸುವ ಪ್ಲೇಟುಗಳಿಗೂ ಆ ವಿಡಿಯೊಗೂ ಸಂಬಂಧವೇ ಇಲ್ಲ. ಈ ಪ್ಲೇಟುಗಳು ಮಾಳಿಗೆಯ ಮೇಲೆ ಹೇಗೂ ಬೀಳುವ ಬಿಸಿಲಿನಿಂದ ಕರೆಂಟ್ ಮಾಡುತ್ತವೆ, ಅಷ್ಟೇ. ಬಾಹ್ಯಾಕಾಶದಿಂದ ವಿದ್ಯುತ್ ಇಳಿಸಿಕೊಳ್ಳುವ ಕೇಂದ್ರ ಬೀದರಿನಲ್ಲಿಲ್ಲ, ಔರಾದಿನಲ್ಲಿಲ್ಲ, ಜಗತ್ತಿನಲ್ಲಿ ಎಲ್ಲಿಯೂ ಇನ್ನೂ ಇಲ್ಲ.

ಹಾಗೆಂದು ವಿಡಿಯೊ ಹುಟ್ಟಿದ್ದು ಬರೀ ಗಾಳಿಯಲ್ಲಲ್ಲ. 1968ರಲ್ಲಿ ಅಮೆರಿಕದ ಪೀಟರ್ ಗ್ಲೇಸರ್ ಆಕಾಶದಲ್ಲಿ ಬಿಸಿಲು ಹಿಡಿದು ಮೈಕ್ರೋವೇವ್ ತರಂಗವಾಗಿ ನೆಲಕ್ಕೆ ಕಳಿಸುವ ವಿಚಾರ ಮುಂದಿಟ್ಟರು. ನಮ್ಮ ಅಬ್ದುಲ್ ಕಲಾಂ ಅವರೂ 2010ರಲ್ಲಿ ಅಮೆರಿಕದ ನ್ಯಾಷನಲ್ ಸ್ಪೇಸ್ ಸೊಸೈಟಿಯ ಜೊತೆ ಸೇರಿ ಇದಕ್ಕೆ ಒತ್ತು ಕೊಟ್ಟಿದ್ದರು. 2023ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯ ಪುಟ್ಟ ಉಪಕರಣವೊಂದು ಕಕ್ಷೆಯಿಂದ ಮೈಕ್ರೋವೇವ್ ಕಳಿಸಿತು. ನೆಲ ಮುಟ್ಟಿದ್ದು ಗುರುತು ಹಿಡಿಯುವಷ್ಟು ಸಂಕೇತ ಮಾತ್ರ.

ಮುಂದೆಂದಾದರೂ ಬಂದರೆ ಏನಾದೀತು ಎಂಬ ನಿಮ್ಮ ಅಂಜಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಮೈಕ್ರೋವೇವ್ ಎಕ್ಸ್‌ರೇಯಂತೆ ಜೀವಕೋಶದ ವಂಶವಾಹಿಯನ್ನು ಮುರಿಯುವಂಥದ್ದಲ್ಲ. ಅದರ ಖಚಿತವಾಗಿ ಗೊತ್ತಿರುವ ಅಪಾಯ ಮೈ ಕಾಯಿಸುವುದು. 1970ರ ದಶಕದ ಕೊನೆಯಲ್ಲಿ ನಾಸಾ ಮತ್ತು ಅಮೆರಿಕದ ಇಂಧನ ಇಲಾಖೆ ಇಂಥ ಕೇಂದ್ರಕ್ಕೆ ಹಾಕಿದ ನಕ್ಷೆಯ ಪ್ರಕಾರ, ಕಿರಣದ ನಟ್ಟನಡುವೆ ಚದರ ಮೀಟರಿಗೆ 230 ವ್ಯಾಟ್, ಕೇಂದ್ರದ ಅಂಚಿನಲ್ಲಿ 10 ವ್ಯಾಟ್. ನಡುಮಧ್ಯಾಹ್ನದ ಬಿಸಿಲು ಸುಮಾರು 1000 ವ್ಯಾಟ್. ಬೆಳೆ ಸುಟ್ಟು ಬೂದಿಯಾಗುವ ಮಾತು ಇಲ್ಲಿಗೇ ಮುಗಿಯಿತು. ಆದರೆ ಬಿಸಿಲು ಚರ್ಮದಲ್ಲೇ ನಿಲ್ಲುತ್ತದೆ, ಮೈಕ್ರೋವೇವ್ ಒಳಕ್ಕೂ ಇಳಿಯುತ್ತದೆ. ಆದ್ದರಿಂದ ನಡುವಿನ ಜಾಗಕ್ಕೆ ಬೇಲಿ ಬೇಕೇ ಬೇಕು. ಇನ್ನೊಂದು ಮಾತು: ನಮ್ಮ ದೇಶ 2012ರಲ್ಲಿ ಮೊಬೈಲ್ ಟವರುಗಳಿಗೆ ಇಟ್ಟ ಮಿತಿ ಇಂಥ ತರಂಗಕ್ಕೆ ಚದರ ಮೀಟರಿಗೆ 1 ವ್ಯಾಟ್. ಅದೇ ಅಳತೆ ಹಿಡಿದರೆ ಆ ನಕ್ಷೆಯ ಅಂಚೂ ಸಾಲದು, ಬೇಲಿ ಇನ್ನೂ ದೂರ ಹೋಗಬೇಕು. ಯೋಜನೆ ಬಂದ ದಿನ ಊರಿನವರು ಕೇಳಬೇಕಾದ ಪ್ರಶ್ನೆ ಇದೇ.

ಜಾಗದ್ದೂ ಚಿಕ್ಕ ಮಾತಲ್ಲ. ಆ ನಕ್ಷೆಯಲ್ಲಿ ಕಿರಣ ಹಿಡಿಯಲು ನೆಲದ ಮೇಲೆ ಹಾಕುವ ಜಾಲರಿ 13 ಕಿ.ಮೀ. ಉದ್ದ, 10 ಕಿ.ಮೀ. ಅಗಲದ ಅಂಡಾಕಾರ, ಪಾವಗಡ ಸೋಲಾರ್ ಪಾರ್ಕಿನ ಹತ್ತಿರ ಹತ್ತಿರ ಎರಡು ಪಟ್ಟು. ಅದರಡಿ ಬೆಳಕು ಹಾಯುವುದರಿಂದ ತೊಗರಿ, ಉದ್ದು ಬೆಳೆಯಬಹುದು ಎನ್ನುತ್ತಾರೆ. ದುಡಿಯುವವರ ಮೈಗೆ ಏನು ರಕ್ಷಣೆ ಎಂದು ಕೇಳಿ. ಇನ್ನು ಹುಳುಗಳ ಮಾತು: ಜೇನುನೊಣಗಳನ್ನು ಇದೇ ತರಂಗಕ್ಕೆ ಒಡ್ಡಿ 1981ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವು ದಾರಿ ತಪ್ಪದೆ ಗೂಡಿಗೆ ಮರಳಿದ್ದವು. ನನಗೆ ಹೆಚ್ಚು ಚಿಂತೆ ರಾಕೆಟ್ಟುಗಳದ್ದು. ಆಕಾಶದ ಪ್ಲೇಟುಗಳ ಸಾಮಾನನ್ನೆಲ್ಲ ಮೇಲೇರಿಸಲು ಲೆಕ್ಕವಿಲ್ಲದಷ್ಟು ಉಡಾವಣೆ ಬೇಕು, ಅವುಗಳ ಹೊಗೆ, ಮಸಿ ಓಜೋನ್ ಪದರಕ್ಕೆ ಒಳ್ಳೆಯದಲ್ಲ.

ಈಗ ಮನೆಯ ಮಾತು. ಬಸುರಿಗೆ ಮೈ ಬಿಸಿಯೇರುವುದು ನಿಜಕ್ಕೂ ಕೆಟ್ಟದ್ದು, ಮತ್ತು ಅದು ನಿಮ್ಮ ಊರಲ್ಲಿ ಬರುವುದು ಬೇಸಿಗೆಯ ಬಿಸಿಲಿನಿಂದ, ಜ್ವರದಿಂದ. ಹನ್ನೊಂದರಿಂದ ನಾಲ್ಕರವರೆಗೆ ಸೊಸೆಯನ್ನು ಬಿಸಿಲಿಗೆ ಬಿಡಬೇಡಿ, ನೀರು, ಮಜ್ಜಿಗೆ ಕೊಡುತ್ತಿರಿ, ಜ್ವರ ಬಂದರೆ ಅದೇ ದಿನ ಡಾಕ್ಟರ ಬಳಿ ಹೋಗಿ. ಬೆಳಿಗ್ಗೆ, ಸಂಜೆ ಅವಳು ಮಾಳಿಗೆಯ ಮೇಲೆ ಅಡ್ಡಾಡಲಿ. ದಿನವಿಡೀ ಕೋಣೆಯಲ್ಲಿ ಕೂಡಿಹಾಕಿದರೆ ಆ ಹುಡುಗಿಯ ಮನಸ್ಸು ಮುದುಡುತ್ತದೆ, ಇದು ನಿಮಗೆ ನಾನು ಹೇಳಬೇಕಿಲ್ಲ. ತವರಿಗೆ ಅವಳು ತನಗೆ ಬೇಕೆನಿಸಿದಾಗ ಹೋಗಲಿ, ಹೆದರಿಕೆಯಿಂದ ಬೇಡ.

ಮಗನ ಹತ್ತಿರ ಸೋಲಾರ್ ಬೇಡವೆನ್ನದೆ ಇಷ್ಟು ಕೇಳಿ: ಅರ್ಥಿಂಗ್ ಸರಿ ಇದೆಯೇ, ಗಾಳಿಗೆ ಪ್ಲೇಟು ಹಾರದಂತೆ ಬಿಗಿದಿದ್ದಾರೆಯೇ, ವೈರು ಅವಳು ಅಡ್ಡಾಡುವ ದಾರಿಯಲ್ಲಿ ಬಿದ್ದಿಲ್ಲ ತಾನೆ. ಮುಂದಿನ ತಪಾಸಣೆಗೆ ನೀವೂ ಸೊಸೆಯ ಜೊತೆ ಹೋಗಿ, ಆ ವಿಡಿಯೊ ತೋರಿಸಿ ಡಾಕ್ಟರನ್ನೇ ಕೇಳಿಬಿಡಿ.