ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ಟೆಲೊಮಿಯರ್: ಗಂಡಸರು ತಿಳಿದಿರಬೇಕಾದುದು

ಐವತ್ತು ದಾಟಿದ ಅನೇಕ ಗಂಡಸರು ಮೂತ್ರದ ತೊಂದರೆಯನ್ನು ವರ್ಷಗಟ್ಟಲೆ ಯಾರಿಗೂ ಹೇಳುವುದಿಲ್ಲ. ರಾತ್ರಿ ನಾಲ್ಕೈದು ಸಲ ಏಳುತ್ತಾರೆ. ವುಝೂ ಮಾಡಿದ ಮೇಲೂ ಹನಿ ಮೂತ್ರ ಬರುವುದರಿಂದ ನಮಾಝಿಗೆ ನಿಲ್ಲಲು ಅಳುಕುತ್ತಾರೆ. ಆದರೆ ಹೇಳಿಕೊಳ್ಳಲು ನಾಚಿಕೆ. ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡಿರುವ ಪ್ರಾಸ್ಟೇಟ್ ಗ್ರಂಥಿಯು ವಯಸ್ಸಾದಂತೆ ದಪ್ಪವಾಗುವುದೇ ಹೆಚ್ಚಾಗಿ ಇದಕ್ಕೆ ಕಾರಣ. ಅದು ಕ್ಯಾನ್ಸರ್ ಅಲ್ಲ. ಆದರೆ ಅದೇ ಗ್ರಂಥಿಯಲ್ಲಿ ಕ್ಯಾನ್ಸರ್ ಕೂಡ ಹುಟ್ಟಬಹುದು. ಆರಂಭದಲ್ಲಿ ಅದು ಯಾವ ಲಕ್ಷಣವನ್ನೂ ತೋರಿಸದಿರಬಹುದು.

ಟೆಲೊಮಿಯರ್ ಎಂದರೇನು?

ನಮ್ಮ ದೇಹದ ಜೀವಕೋಶದಲ್ಲಿ 46 ವರ್ಣತಂತುಗಳಿರುತ್ತವೆ. ಪ್ರತಿಯೊಂದರ ಎರಡೂ ತುದಿಗಳಲ್ಲಿರುವ ರಕ್ಷಣಾ ಭಾಗವೇ ಟೆಲೊಮಿಯರ್. ತಸ್ಬೀಹ್ ಮಾಲೆಯನ್ನು ನೆನಪಿಸಿಕೊಳ್ಳಿ. ದಾರದ ತುದಿಯಲ್ಲಿ ಗಂಟು ಇರುವವರೆಗೆ ಮಣಿಗಳು ಚೆದುರುವುದಿಲ್ಲ. ಟೆಲೊಮಿಯರ್ ಕೂಡ ಅಂತಹದೇ ಗಂಟು. ಜೀವಕೋಶ ಒಂದು ಎರಡಾದಾಗಲೆಲ್ಲ ಅದು ಸ್ವಲ್ಪ ಸವೆಯುತ್ತದೆ. ತೀರಾ ಸವೆದಾಗ ಆರೋಗ್ಯವಂತ ಜೀವಕೋಶ ವಿಭಜನೆಯನ್ನು ನಿಲ್ಲಿಸುತ್ತದೆ. ಸವೆದ ತುದಿಯನ್ನು ಮತ್ತೆ ಬೆಳೆಸುವ ಕಿಣ್ವದ ಹೆಸರು ಟೆಲೊಮರೇಸ್. ಇವುಗಳ ಕೆಲಸವನ್ನು ಕಂಡುಹಿಡಿದ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರಲ್ ಗ್ರೈಡರ್ ಮತ್ತು ಜಾಕ್ ಶೋಸ್ಟಾಕ್ ಅವರಿಗೆ 2009ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಕ್ಯಾನ್ಸರಿಗೂ ಇದಕ್ಕೂ ಏನು ಸಂಬಂಧ?

ಕೆಲವು ಜೀವಕೋಶಗಳು ಗಂಟು ಸವೆದ ಮೇಲೂ ವಿಭಜನೆ ನಿಲ್ಲಿಸುವುದಿಲ್ಲ. ಆಗ ವರ್ಣತಂತುಗಳ ಬರಿದಾದ ತುದಿಗಳು ಒಂದಕ್ಕೊಂದು ಅಂಟಿಕೊಂಡು, ಮುಂದಿನ ವಿಭಜನೆಯಲ್ಲಿ ತುಂಡಾಗುತ್ತವೆ. ವಂಶವಾಹಿಗಳು ಅಸ್ತವ್ಯಸ್ತವಾಗುತ್ತವೆ. ಪ್ರಾಸ್ಟೇಟಿನಲ್ಲಿ ಕ್ಯಾನ್ಸರಿಗೆ ಮುಂಚಿನ ಹಂತದಲ್ಲೇ ಇಂತಹ ಗಿಡ್ಡ ಟೆಲೊಮಿಯರ್‌ಗಳು ಕಂಡುಬಂದಿವೆ. ಮುಂದೆ ಹೆಚ್ಚಿನ ಪ್ರಾಸ್ಟೇಟ್ ಕ್ಯಾನ್ಸರ್‌ಗಳಲ್ಲಿ ಟೆಲೊಮರೇಸ್ ಚುರುಕಾಗುತ್ತದೆ. ಅದು ತುದಿಗಳನ್ನು ಬೇಕಾದಷ್ಟು ಮಾತ್ರ ಉಳಿಸಿಕೊಡುವುದರಿಂದ ಕೆಟ್ಟ ಜೀವಕೋಶ ಸಾಯದೆ ಬೆಳೆಯುತ್ತಲೇ ಹೋಗುತ್ತದೆ.

2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಶಸ್ತ್ರಚಿಕಿತ್ಸೆಯಾದ 596 ರೋಗಿಗಳ ಗ್ರಂಥಿಯನ್ನು ಪರಿಶೀಲಿಸಲಾಯಿತು. ಕ್ಯಾನ್ಸರ್ ಕೋಶಗಳಲ್ಲಿ ಟೆಲೊಮಿಯರ್ ಉದ್ದ ಏರುಪೇರಾಗಿದ್ದು, ಸುತ್ತಲಿನ ಕೋಶಗಳಲ್ಲಿ ಅದು ಗಿಡ್ಡವಾಗಿದ್ದವರಿಗೆ ಈ ರೋಗದಿಂದ ಸಾಯುವ ಅಪಾಯ, ಏರುಪೇರು ಕಡಿಮೆಯಿದ್ದು ಸುತ್ತಲಿನ ಕೋಶಗಳಲ್ಲಿ ಅದು ಉದ್ದವಾಗಿದ್ದವರಿಗಿಂತ ಸುಮಾರು 14 ಪಟ್ಟು ಹೆಚ್ಚಿತ್ತು. ಯಾರ ರೋಗ ಉಗ್ರವಾದೀತೆಂದು ಮುಂಚಿತವಾಗಿ ತಿಳಿಯಲು ಇದು ನೆರವಾಗಬಹುದು. ಆದರೆ ಸದ್ಯಕ್ಕೆ ಇದು ಆಸ್ಪತ್ರೆಗಳಲ್ಲಿ ಮಾಮೂಲಾಗಿ ಮಾಡುವ ಪರೀಕ್ಷೆಯಲ್ಲ.

ನೀವು ಮಾಡಬೇಕಾದುದು

“ಟೆಲೊಮಿಯರ್ ಉದ್ದ ಮಾಡಿ ಯೌವನ ಕೊಡುವ” ಮಾತ್ರೆಗಳ ಜಾಹೀರಾತಿಗೆ ಮರುಳಾಗಬೇಡಿ. ಕ್ಯಾನ್ಸರ್ ಕೋಶವು ಬದುಕುವುದೂ ಟೆಲೊಮಿಯರನ್ನು ಉಳಿಸಿಕೊಂಡೇ ಎಂಬುದನ್ನು ಮರೆಯಬೇಡಿ.

ಐವತ್ತಾದ ಮೇಲೆ ಪಿಎಸ್‌ಎ ರಕ್ತ ಪರೀಕ್ಷೆಯ ಬಗ್ಗೆ ವೈದ್ಯರೊಂದಿಗೆ ಮಾತನಾಡಿ. ತಂದೆ ಅಥವಾ ಸಹೋದರನಿಗೆ ಈ ಕ್ಯಾನ್ಸರ್ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟು, ನಲವತ್ತೈದರಲ್ಲೇ ವಿಚಾರಿಸಿ. ಪಿಎಸ್‌ಎ ಹೆಚ್ಚಿದ್ದರೆ ಕ್ಯಾನ್ಸರೇ ಎಂದು ಹೆದರಬೇಡಿ. ಸೋಂಕಿನಿಂದಲೂ ಗ್ರಂಥಿ ದಪ್ಪವಾಗುವುದರಿಂದಲೂ ಅದು ಏರುತ್ತದೆ. ಕ್ಯಾನ್ಸರ್ ಖಚಿತವಾಗುವುದು ಬಯಾಪ್ಸಿಯಿಂದ. ಮೂತ್ರದಲ್ಲಿ ರಕ್ತ, ಮೂತ್ರ ಕಟ್ಟುವುದು, ಕಡಿಮೆಯಾಗದ ಸೊಂಟ ನೋವು ಇದ್ದರೆ ತಡಮಾಡಬೇಡಿ.

ಯುನಾನಿ ವೈದ್ಯನಾಗಿ ಒಂದು ಮಾತು: ಪರೀಕ್ಷೆ ಮಾಡಿಸದೆ ತಿಂಗಳುಗಟ್ಟಲೆ ಕಷಾಯ, ಮಾಜೂನು ಸೇವಿಸುತ್ತಾ ಕೂರಬೇಡಿ, ಅವು ನಮ್ಮ ಪದ್ಧತಿಯವೇ ಆದರೂ ಸರಿ. ಮೊದಲು ರೋಗ ಯಾವುದೆಂದು ತಿಳಿಯಲಿ. ಚಿಕಿತ್ಸೆ ಪಡೆಯಿರಿ ಎಂಬುದು ಪ್ರವಾದಿಯವರ(ಸ) ಬೋಧನೆ. ಮನೆಯ ಹಿರಿಯರು ನಾಚಿಕೊಂಡರೆ ಮಕ್ಕಳೇ ಪ್ರೀತಿಯಿಂದ ಕೇಳಿ, ಜೊತೆಯಲ್ಲಿ ಕರೆದುಕೊಂಡು ಹೋಗಿ.