ಎಂಟು ತಂತಿಗಳ ಪಾಠ

ನಮ್ಮ ಶಾಲೆಯಲ್ಲಿ ಈಗ ಕಲಿಸಲ್ಪಡುವ ವಿಷಯಗಳಲ್ಲಿ ಹಳೇ ವಿದ್ಯಾರ್ಥಿನಿಯರು ಕಂಡರಿಯದ ಒಂದು ಕೈಕೆಲಸವುಂಟು. ಅದು ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಕೇಬಲಿನ ಕೆಲಸವು. ಒಂಭತ್ತನೆಯ ತರಗತಿಯ ಹುಡುಗಿಯರು ಇಕ್ಕಳ ಹಿಡಿದು ಕೇಬಲು ಸುಲಿಯುವದನ್ನು ಕಂಡ ಕೆಲವು ಹೆತ್ತವರು, “ಇದು ಮಿಸ್ತ್ರಿಯ ಕೆಲಸವಲ್ಲವೇ? ಇದಕ್ಕಾಗಿ ಮಕ್ಕಳನ್ನು ಶಾಲೆಗೆ ಕಳುಹಿಸಬೇಕೇ?” ಎಂದು ನಮ್ಮನ್ನು ಕೇಳಿದ್ದಾರೆ. ಅವರೊಡನೆ ವಾದಿಸುವದಕ್ಕಿಂತ ಆ ಪಾಠವನ್ನೇ ಇಲ್ಲಿ ಬರೆದಿಡುವದು ಲೇಸೆಂದು ನಮಗೆ ತೋರಿತು.

ಕೇಬಲಿನ ಮೇಲಣ ಕವಚವನ್ನು ಒಂದು ಅಂಗುಲದಷ್ಟು ಸುಲಿದರೆ ಒಳಗೆ ಎಂಟು ಸಣ್ಣ ತಾಮ್ರದ ತಂತಿಗಳು ಕಾಣುವವು. ಅವು ಎರಡೆರಡಾಗಿ ಹೊಸೆಯಲ್ಪಟ್ಟು ಕಿತ್ತಳೆ, ಹಸುರು, ನೀಲಿ, ಕಂದು ಎಂಬ ನಾಲ್ಕು ಜೋಡಿಗಳಾಗಿರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ತಂತಿಯು ಪೂರ್ತಿ ಆ ಬಣ್ಣದ್ದು; ಇನ್ನೊಂದು ಬಿಳಿಯ ಮೇಲೆ ಅದೇ ಬಣ್ಣದ ಗೆರೆಯುಳ್ಳದ್ದು. ಇವುಗಳನ್ನು ಹೊಸೆದದ್ದೇಕೆಂದು ಕೇಳಿದರೆ, ಹುರಿಯಂತೆ ಗಟ್ಟಿಯಾಗಲೆಂದು ಹುಡುಗಿಯರು ಅನ್ನುವರು. ಕಾರಣವು ಬೇರೆ. ಒಂದು ಸಂದೇಶವು ಜೋಡಿಯ ಎರಡೂ ತಂತಿಗಳಲ್ಲಿ ಒಂದಕ್ಕೊಂದು ವಿರುದ್ಧವಾಗಿ ಹೋಗುತ್ತದೆ. ಆಚೆಯ ಯಂತ್ರವು ಆ ಎರಡರ ವ್ಯತ್ಯಾಸವನ್ನು ಮಾತ್ರ ಓದುತ್ತದೆ. ಪಕ್ಕದ ತಂತಿಯ ಗದ್ದಲವು ಹತ್ತಿರದ ಎಳೆಯ ಮೇಲೆ ಹೆಚ್ಚು ಬೀಳುವದು ಸಹಜವಷ್ಟೆ. ಆದರೆ ಹೊಸೆದ ಜೋಡಿಯಲ್ಲಿ ಒಮ್ಮೆ ಈ ಎಳೆ, ಒಮ್ಮೆ ಆ ಎಳೆ ಹತ್ತಿರ ಬರುವದರಿಂದ ಗದ್ದಲವು ಎರಡರ ಮೇಲೂ ಸಮನಾಗಿ ಬಿದ್ದು, ವ್ಯತ್ಯಾಸ ತೆಗೆಯುವಾಗ ಅಳಿದುಹೋಗುತ್ತದೆ. ನಾಲ್ಕು ಜೋಡಿಗಳ ಹೊಸೆತವು ಒಂದೇ ಸಮನಾಗಿರುವದಿಲ್ಲ ಎಂಬದನ್ನು ಗಮನಿಸತಕ್ಕದ್ದು. ಸಮನಾದರೆ ಜೋಡಿಗೆ ಜೋಡಿಯೇ ಗದ್ದಲವಾದೀತು. ಈ ಉಪಾಯವು ಕಂಪ್ಯೂಟರಿಗಿಂತ ಬಹು ಹಳೆಯದು. ಅಲೆಕ್ಸಾಂಡರ್ ಗ್ರಹಾಂ ಬೆಲ್ ಎಂಬವರು 1881ರಲ್ಲಿಯೇ ಟೆಲಿಫೋನು ತಂತಿಗಳಿಗಾಗಿ ಇದರ ಪೇಟೆಂಟನ್ನು ಪಡೆದಿದ್ದರು.

ಇನ್ನು ತುದಿಯ ವಿಷಯ. ಗಾಜಿನಂತಿರುವ ಸಣ್ಣ ಪ್ಲಾಸ್ಟಿಕ್ ಕನೆಕ್ಟರಿನಲ್ಲಿ ಎಂಟು ಪಿನ್ನುಗಳಿವೆ. ಸಾಧಾರಣವಾಗಿ ನಡೆಯುವ ಕ್ರಮವು ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸುರು, ನೀಲಿ, ಬಿಳಿ-ನೀಲಿ, ಹಸುರು, ಬಿಳಿ-ಕಂದು, ಕಂದು. ಹಸುರು ಜೋಡಿಯು ಮೂರನೆಯ ಮತ್ತು ಆರನೆಯ ಪಿನ್ನುಗಳಿಗೆ ಬೇರೆಯಾಗಿ, ನೀಲಿಯು ಅದರ ನಡುವೆ ಕೂತಿರುವದನ್ನು ನೋಡಿರಿ. ನಡುವಣ ಎರಡು ಪಿನ್ನುಗಳು ಟೆಲಿಫೋನಿಗೆಂದು ಮೊದಲಿನಿಂದ ಬಂದ ಪದ್ಧತಿಯೇ ಇದಕ್ಕೆ ಕಾರಣ. ನೋಡುವದಕ್ಕೆ ಈ ಕ್ರಮವು ಅಂದವಾಗಿಲ್ಲ. ಅಂದವಾಗಿಲ್ಲದ್ದರಿಂದಲೇ ನಮಗೊಂದು ಕಷ್ಟವು ಬಂತು.

ನಮ್ಮ ಕಂಪ್ಯೂಟರ್ ಕೋಣೆಗೆ ಕೇಬಲು ಹಾಕಲು ಬಂದವರು ಬಣ್ಣಗಳನ್ನು ಜೋಡಿ ಜೋಡಿಯಾಗಿಯೇ ಸಾಲಾಗಿಟ್ಟು ಎರಡು ತುದಿಗಳನ್ನೂ ಒತ್ತಿಬಿಟ್ಟರು. ಪರೀಕ್ಷೆಯ ಪೆಟ್ಟಿಗೆಯಲ್ಲಿ ಒಂದರಿಂದ ಎಂಟರ ತನಕ ದೀಪಗಳು ಕ್ರಮವಾಗಿ ಹೊತ್ತಿದವು. ನಾವು ಸಂತೋಷದಿಂದ ಹಣವನ್ನು ಕೊಟ್ಟೆವು. ಮುಂದಿನ ಸಾಲಿನ ಯಂತ್ರಗಳು ಹೇಗೋ ನಡೆದವು. ಹಿಂದಿನ ಸಾಲಿನವು ಮಾತ್ರ ಘಳಿಗೆಗೊಮ್ಮೆ ನಿಲ್ಲುತ್ತಿದ್ದವು. ಅಲ್ಲಿ ಕೂಡ್ರುವ ಹುಡುಗಿಯರನ್ನು, “ಏನನ್ನೋ ಒತ್ತಿ ಕೆಡಿಸಿದ್ದೀರಿ” ಎಂದು ನಾವು ಒಂದಕ್ಕಿಂತ ಹೆಚ್ಚು ಸಲ ಗದರಿಸಿದೆವು. ಒಬ್ಬಳಂತೂ ಆ ಕೋಣೆಗೆ ಬರುವದಕ್ಕೇ ಅಂಜಿದಳು.

ಮರುವರ್ಷ ಈ ಪಾಠವು ಆರಂಭವಾದಾಗ ಅದೇ ಹುಡುಗಿಯು ತಾನು ಮಾಡಿದ ತುದಿಯನ್ನು ಗೋಡೆಯಿಂದ ಬಂದ ತುದಿಯ ಪಕ್ಕದಲ್ಲಿ ಹಿಡಿದು, “ಟೀಚರ್, ಇಲ್ಲಿ ಮೂರೂ ಆರೂ ಒಂದೇ ಜೋಡಿಯವಲ್ಲ” ಅಂದಳು. ಆಕೆ ಹೇಳಿದ್ದು ಸತ್ಯ. ಮೂರರಲ್ಲಿ ಬಿಳಿ-ಹಸುರು, ಆರರಲ್ಲಿ ನೀಲಿ. ಸಂದೇಶವು ಒಟ್ಟಾಗಿ ಹೊಸೆಯದ ಎರಡು ಎಳೆಗಳಲ್ಲಿ ಹೋಗುತ್ತಿದ್ದದರಿಂದ ಹೊಸೆತದ ಪ್ರಯೋಜನವೇ ಇಲ್ಲದೆ ಹೋಗಿತ್ತು. ಕೇಬಲು ಉದ್ದವಾದಷ್ಟು ಗದ್ದಲವೂ ಹೆಚ್ಚಿತ್ತು. ಆ ದೀಪದ ಪೆಟ್ಟಿಗೆಯಾದರೋ, ತಂತಿಯು ಈ ತುದಿಯಿಂದ ಆ ತುದಿಗೆ ಮುಟ್ಟಿದೆಯೋ ಎಂಬದನ್ನು ಮಾತ್ರ ತಿಳಿಸುತ್ತದೆ. ಯಾವದು ಯಾವದರೊಡನೆ ಹೊಸೆದಿದೆ ಎಂಬದನ್ನು ಅರಿಯದು. ನಾವು ಅದೇ ದಿನ ತರಗತಿಯ ಮುಂದೆ ಆ ಹುಡುಗಿಯ ಕ್ಷಮೆ ಕೇಳಿದೆವು.

ತುದಿಗಳನ್ನು ಹುಡುಗಿಯರೇ ಕಿತ್ತು ಹೊಸದಾಗಿ ಒತ್ತಿದರು. ಹೊಸೆತವನ್ನು ಅರ್ಧ ಅಂಗುಲಕ್ಕಿಂತ ಹೆಚ್ಚು ಬಿಚ್ಚಬಾರದು. ಕೇಬಲನ್ನು ಮಡಚಿ ಮುರಿಯಬಾರದು. ವಿದ್ಯುತ್ತಿನ ತಂತಿಯೊಡನೆ ಒಂದೇ ಕೊಳವೆಯಲ್ಲಿ ತೂರಿಸಬಾರದು. ಒಟ್ಟು ಉದ್ದವು 100 ಮೀಟರನ್ನು ಮೀರಬಾರದು. ಕೊಳ್ಳುವಾಗಲೂ ಎಚ್ಚರವಿರಬೇಕು, ಯಾಕಂದರೆ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟದ್ದು ಕಡಿಮೆ ಬೆಲೆಗೆ ಸಿಕ್ಕುತ್ತದೆ. ಚಾಕುವಿನಿಂದ ಕೆರೆದರೆ ಒಳಗಿನ ಬೆಳ್ಳಗಿನ ಲೋಹವು ಕಾಣುವದು.

ಕೇಬಲುಗಳೆಲ್ಲಾ ಬಂದು ಸೇರುವ ಪೆಟ್ಟಿಗೆಗೆ ಸ್ವಿಚ್ ಎಂದು ಹೆಸರು. ಹಿಂದಿದ್ದ ಹಬ್ ಎಂಬ ಪೆಟ್ಟಿಗೆಯು ಒಬ್ಬರ ಮಾತನ್ನು ಎಲ್ಲರಿಗೂ ಸಾರುತ್ತಿತ್ತು. ಸ್ವಿಚ್ಚು ಯಾವ ಬಾಗಿಲಲ್ಲಿ ಯಾವ ಯಂತ್ರವಿದೆಯೆಂದು ಕಲಿತುಕೊಂಡು ಅದಕ್ಕೆ ಮಾತ್ರ ಮುಟ್ಟಿಸುತ್ತದೆ. ಒಮ್ಮೆ ಒಬ್ಬಳು ಒಂದೇ ಕೇಬಲಿನ ಎರಡು ತುದಿಗಳನ್ನೂ ಒಂದೇ ಸ್ವಿಚ್ಚಿಗೆ ಚುಚ್ಚಿದಾಗ, ಎಲ್ಲರಿಗೆಂದು ಹೊರಟ ಸಂದೇಶಗಳು ಸುತ್ತುತ್ತಾ ಹೆಚ್ಚುತ್ತಾ ಹೋಗಿ ಇಡೀ ಕೋಣೆಯೇ ಸ್ತಬ್ಧವಾಯಿತು. ಇಂಥ ಸುತ್ತನ್ನು ಸ್ವಿಚ್ಚುಗಳೇ ಕಂಡುಹಿಡಿದು ಮುಚ್ಚಿಕೊಳ್ಳುವ ವಿಧಾನವನ್ನು 1985ರಲ್ಲಿ ರಚಿಸಿದವರು ಅಮೆರಿಕದ ರೇಡಿಯಾ ಪರ್ಲ್‌ಮನ್ ಎಂಬ ಸ್ತ್ರೀಯು. ನಮ್ಮ ಅಗ್ಗದ ಸ್ವಿಚ್ಚಿನಲ್ಲಿ ಆ ವಿಧಾನವಿರಲಿಲ್ಲ.

ವೈಫೈ ಇರುವಾಗ ಕೇಬಲು ಏಕೆಂದು ಕೇಳುವವರು ನಮ್ಮ ಜಗಲಿಯ ಗೋಡೆಯಲ್ಲಿರುವ ವೈಫೈ ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಬಹುದು. ಅದಕ್ಕೂ ಒಂದು ಕೇಬಲು ಬಂದಿದೆ. ಅದರ ತುದಿಯನ್ನು ಒತ್ತಿದವಳು ಹಿಂದಿನ ಸಾಲಿನ ಆ ಹುಡುಗಿಯೇ. ಕಿತ್ತ ಹಳೇ ತುದಿಗಳಲ್ಲಿ ಒಂದನ್ನು ಹೊಲಿಗೆ ಕೋಣೆಯ ಕಪಾಟಿನಲ್ಲಿ, ಕಸೂತಿಯ ಮಾದರಿಗಳ ಬಳಿ ಇಟ್ಟಿದ್ದೇವೆ. ಶಾಲೆಗೆ ಬಂದಾಗ ಅದನ್ನು ಬೆಳಕಿಗೆ ಹಿಡಿದು, ಎಡದಿಂದ ಮೂರನೆಯ ಮತ್ತು ಆರನೆಯ ತಂತಿಗಳ ಬಣ್ಣವನ್ನು ನೋಡಿರಿ.